ಗುಲಾಬಿ ಮನೆ ಮತ್ತು ಯಾರೂ ಆರಿಸದ ಕಾರ್ಪೊರೇಷನ್

ಜೆಫ್ ಬೆನೆಡಿಕ್ಟ್ ಅವರ ‘ಲಿಟ್ಲ್ ಪಿಂಕ್ ಹೌಸ್’ (2009) ಕಾದಂಬರಿಯಂತೆ ಓದಿಸಿಕೊಂಡು ಹೋಗುವ ಪುಸ್ತಕ. ಕನೆಕ್ಟಿಕಟ್‌ನ ನ್ಯೂ ಲಂಡನ್ ಎಂಬ ಊರಿನಲ್ಲಿ ಸೂಸೆಟ್ ಕೀಲೋ 1997ರಲ್ಲಿ ನದಿ ಕಾಣುವ ಹಳೆಯ ಮನೆಯೊಂದನ್ನು ಕೊಂಡು ಗುಲಾಬಿ ಬಣ್ಣ ಹೊಡೆಸಿದರು. ಮರುವರ್ಷ ಔಷಧ ಕಂಪನಿ ಫೈಜರ್ ಪಕ್ಕದಲ್ಲೇ ಸಂಶೋಧನಾ ಕೇಂದ್ರ ಕಟ್ಟುವುದಾಗಿ ಸಾರಿತು. ಅದರ ಸುತ್ತ ಹೋಟೆಲು, ಕಚೇರಿ, ಹೊಸ ವಸತಿ ಬರಬೇಕು. ಹಳೆಯ ಮನೆಗಳು ಹೋಗಬೇಕು. 2005ರಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಊರಾಡಳಿತದ ಪರ ತೀರ್ಪಿತ್ತಿತು.

ಒಬ್ಬ ಸಾಮಾನ್ಯ ಹೆಂಗಸು, ಎದುರಿಗೆ ದೈತ್ಯ ಕಂಪನಿ: ಕಥೆಗೆ ಇಷ್ಟು ಸಾಕು, 2017ರ ಸಿನಿಮಾಕ್ಕಂತೂ ಧಾರಾಳ. ಕೀಲೋ ಅವರ ಧೈರ್ಯ ದೊಡ್ಡದೇ. ಆದರೆ ನನ್ನನ್ನು ಕಾಡಿದ್ದು ಬೇರೆ ಪಾತ್ರ. ಮನೆಗಳನ್ನು ವಶಪಡಿಸಿಕೊಳ್ಳಲು ಹೊರಟದ್ದು ಫೈಜರ್ ಅಲ್ಲ. ನ್ಯೂ ಲಂಡನ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಎಂಬ, ಲಾಭದ ಉದ್ದೇಶವಿಲ್ಲದ ಖಾಸಗಿ ಸಂಸ್ಥೆ. ನಗರಸಭೆ ಯೋಜನೆಗೆ ಒಪ್ಪಿ, ಭೂಸ್ವಾಧೀನದ ಅಧಿಕಾರವನ್ನೇ ಅದರ ಕೈಗಿತ್ತಿತ್ತು.

ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಟೀವನ್ಸ್ ಅವರ ವಾದ: ಊರಿನ ಹಿತ ಯಾವುದೆಂದು ಊರಿನ ಆಡಳಿತ ಯೋಚಿಸಿ ತೀರ್ಮಾನಿಸಿದೆ, ಕೋರ್ಟು ಅಡ್ಡ ಬರಬಾರದು. ಕೇಳುವುದಕ್ಕೆ ಪ್ರಜಾಪ್ರಭುತ್ವದ ಮಾತೇ. ಆದರೆ 1918ರಲ್ಲಿ ಅದೇ ಬಡಾವಣೆಯ ಮನೆಯಲ್ಲಿ ಹುಟ್ಟಿ ಅಲ್ಲೇ ಬಾಳಿದ ಅಜ್ಜಿ ಈ ಕಾರ್ಪೊರೇಷನ್ನನ್ನು ಯಾವ ಚುನಾವಣೆಯಲ್ಲಿ ಸೋಲಿಸಬೇಕಿತ್ತು? ಇಂಥ ತೀರ್ಪಿನ ಲಾಭ ಪ್ರಭಾವವುಳ್ಳವರಿಗೇ ಎಂದು ಭಿನ್ನ ತೀರ್ಪಿನಲ್ಲಿ ಓ'ಕಾನರ್ ಎಚ್ಚರಿಸಿದ್ದರು. ಲೇಖಕರ ಒಲವು ಆಸ್ತಿಯ ಹಕ್ಕಿನ ಕಡೆ. ನನಗೆ ಅದಕ್ಕಿಂತ ಮೊದಲ ಪ್ರಶ್ನೆ, ಕೇಳಿದರೆ ಉತ್ತರ ಕೊಡಬೇಕಾದವರು ಯಾರು ಎಂಬುದು.

ನಮ್ಮ ಕಡೆಯವರಿಗೆ ಇಲ್ಲಿ ಕೆಐಎಡಿಬಿ ನೆನಪಾಗದೆ ಇರದು. ದೇವನಹಳ್ಳಿ ತಾಲ್ಲೂಕಿನ 1,777 ಎಕರೆಗಾಗಿ ಹೊರಟ ಸ್ವಾಧೀನವನ್ನು ರೈತರು 2022ರಿಂದ ಮೂರು ವರ್ಷ ಎದುರಿಸಿದರು. 2025ರ ಜುಲೈನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅದನ್ನು ಕೈಬಿಡುವುದಾಗಿ ಘೋಷಿಸಿದರು. ಮಂಡಳಿಯ ಹಿಂದೆ ಮತ ಕೇಳಬೇಕಾದ ಸರ್ಕಾರವೊಂದಿತ್ತು, ಅದರ ಬಾಗಿಲು ತಟ್ಟಬಹುದಿತ್ತು.

ಇತ್ತ ನ್ಯೂ ಲಂಡನ್‌ನಲ್ಲಿ ಮನೆಗಳು ಹೋದವು. ಕೀಲೋ ಅವರ ಮನೆಯನ್ನು ಮಾತ್ರ ಬಿಚ್ಚಿ ಬೇರೆಡೆ ಮತ್ತೆ ಕಟ್ಟಿದರು. ಪುಸ್ತಕ ಬಂದ ವರ್ಷವೇ, ವೈಯೆತ್ ಕಂಪನಿಯನ್ನು ಕೊಂಡ ಬೆನ್ನಲ್ಲೇ, ಫೈಜರ್ ಊರು ಬಿಡುವುದಾಗಿ ಹೇಳಿತು. ಆ ತೀರ್ಮಾನಕ್ಕೆ ನಗರಸಭೆಯ ಒಪ್ಪಿಗೆ ಬೇಕಾಗಲಿಲ್ಲ. ತೆರವಾದ ಜಾಗ ಮುಂದೆ ವರ್ಷಗಟ್ಟಲೆ ಪಾಳು ಬಿದ್ದಿತ್ತು.