ಒಂದು ಕ್ಯಾಮರೋ ಕಟ್ಟುವ ಪಟ್ಟಿ: ಸಾಲು ಸಾಲಿನ ವ್ಯಾಖ್ಯಾನ

ಅಮೆರಿಕದ ಹಳೆಯ ಮಸಲ್ ಕಾರನ್ನು ಇಂದಿನ ವೇಗಕ್ಕೆ ಹೊಸದಾಗಿ ಕಟ್ಟುವವರು ಸ್ಪ್ಯಾನರ್ ಎತ್ತಿಕೊಳ್ಳುವ ಮೊದಲು ಒಂದು ಪಟ್ಟಿ ಬರೆದುಕೊಳ್ಳುತ್ತಾರೆ. ಅಂಥದೊಂದು ಮಾದರಿ ಪಟ್ಟಿಯನ್ನು ಮುಂದಿಟ್ಟುಕೊಂಡು ಈ ವ್ಯಾಖ್ಯಾನ. ಓದುವವರ ಕಣ್ಣು ನೇರವಾಗಿ ಎಂಜಿನ್ ಸಾಲಿಗೆ ಹೋಗುತ್ತದೆ. ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಅದೇ ಸುಲಭದ ಸಾಲು. ಉಳಿದದ್ದೆಲ್ಲ ಆ ಎಂಜಿನ್ನಿನ ಬಲವನ್ನು ಕಾರು ತಾಳಿಕೊಳ್ಳುವಂತೆ ಮಾಡುವ ಕೆಲಸ.

“ಕಾರು: 1969ರ ಷೆವರ್ಲೆ ಕ್ಯಾಮರೋ. ನಂಬರು 124379ಎನ್…”

ನಂಬರನ್ನು ಬಿಡಿಸಿದರೆ ಕಾರಿನ ಅರ್ಧ ಜಾತಕ ಸಿಗುತ್ತದೆ. 1 ಎಂದರೆ ಷೆವರ್ಲೆ. 24 ಎಂದರೆ ವಿ8 ಎಂಜಿನ್ನಿನ ಕ್ಯಾಮರೋ. 37 ಕೂಪೆ ಬಾಡಿ, 9 ಮಾಡೆಲ್ ವರ್ಷ. ಎನ್ ಅಕ್ಷರ ಒಹಾಯೋದ ನಾರ್‌ವುಡ್ ಕಾರ್ಖಾನೆಯದು. ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಲ್ಲಿ ತಯಾರಾಗಿದ್ದರೆ ಅಲ್ಲಿ ಎಲ್ ಇರುತ್ತಿತ್ತು. ಆದರೆ ಯಾವ ವಿ8 ಎಂಬುದನ್ನು ಈ ನಂಬರು ಹೇಳುವುದಿಲ್ಲ. ಅದಕ್ಕೇ ಹಳೆಯ ಕಾಗದಪತ್ರ, ಎಂಜಿನ್ ಮೇಲಿನ ಅಚ್ಚು ಎಲ್ಲವನ್ನೂ ನೋಡದೆ ಕೈ ಹಚ್ಚಬಾರದು. ಆ ವರ್ಷದ ಮಾಡೆಲ್ಲಿನಲ್ಲಿ 2 ಲಕ್ಷ 40 ಸಾವಿರಕ್ಕೂ ಹೆಚ್ಚು ಕ್ಯಾಮರೋಗಳು ಬಂದವು. ಪೂರ್ತಿ ಅಲ್ಯುಮಿನಿಯಂನ 427 ಘನ ಅಂಗುಲದ ಎಂಜಿನ್ ಹೊತ್ತ ಝೆಡ್‌ಎಲ್1 ಬಂದದ್ದು 69 ಮಾತ್ರ. ಅಂಥ ಕಾರಿನ ಬಾಡಿ ಕೊಯ್ಯುವುದನ್ನು ನಾನು ಒಪ್ಪಲಾರೆ. ಕೊಯ್ಯಲು 200 ಎಚ್‌ಪಿಯ ಸಾಮಾನ್ಯ 307 ವಿ8 ಕಾರು ಸಾಕು, ಅದೂ ಮೂಲ ಎಂಜಿನ್ ಎಂದೋ ಕಳೆದುಹೋದದ್ದಾದರೆ ಇನ್ನೂ ಒಳ್ಳೆಯದು.

“ಬಾಡಿ: ಬಣ್ಣ ಕಿತ್ತು ಬರಿ ತಗಡಿಗೆ. ಸಬ್‌ಫ್ರೇಮ್ ಕನೆಕ್ಟರ್ ವೆಲ್ಡಿಂಗ್.”

ಮೊದಲರ್ಧ ಟಿಂಕರಿಂಗ್‌ನವರಿಗೆ ಗೊತ್ತಿರುವ ವಿಷಯ: ಪುಟ್ಟಿ ಮೆತ್ತಿ ಮುಚ್ಚಿದ ತುಕ್ಕು ಬಣ್ಣ ಕಿತ್ತಾಗಲೇ ಬಯಲಾಗುತ್ತದೆ. ಮುಂದಿನ ಗಾಜಿನ ಬುಡದಲ್ಲಿ ಎಲೆ, ನೀರು ಸೇರಿ ಒಳಗಿಂದ ತಿಂದಿರುತ್ತದೆ. ಹಿಂಬದಿಯ ಮಡ್ಗಾರ್ಡ್, ಡಿಕ್ಕಿಯ ತಳ ಕೂಡ ಹಾಗೆಯೇ.

ಎರಡನೆಯರ್ಧ ಈ ಕಾರಿನ ಹುಟ್ಟುಗುಣಕ್ಕೆ ಸಂಬಂಧಿಸಿದ್ದು. ಕ್ಯಾಮರೋಗೆ ಉದ್ದಕ್ಕೂ ಸಾಗುವ ಚಾಸಿ ಇಲ್ಲ. ಎಂಜಿನ್ ಮತ್ತು ಮುಂದಿನ ಚಕ್ರಗಳನ್ನು ಹೊರುವ ಸಬ್‌ಫ್ರೇಮ್ ಒಂದು ಪ್ರತ್ಯೇಕ ತುಂಡು. ಅದನ್ನು ನಡುವೆ ರಬ್ಬರ್ ಬುಷ್ ಇಟ್ಟು ಬಾಡಿಗೆ ಬೋಲ್ಟ್ ಮಾಡಿದ್ದಾರೆ. ಮನೆಮಂದಿಯನ್ನು ಕೂರಿಸಿಕೊಂಡು ಹೋಗುವಾಗ ಆ ರಬ್ಬರು ನಡುಕವನ್ನು ನುಂಗುತ್ತದೆ. ಬಲ ಹೆಚ್ಚಿಸಿದಾಗ ಮುಂಭಾಗ ಒಂದು ಕಡೆ, ಹಿಂಭಾಗ ಇನ್ನೊಂದು ಕಡೆ ತಿರುಚಿಕೊಳ್ಳುತ್ತವೆ. ಹೀಗೆ ತಿರುಚುವ ಬಾಡಿಗೆ ಎಷ್ಟು ದುಬಾರಿ ಶಾಕ್ ಅಬ್ಸಾರ್ಬರ್ ಹಾಕಿದರೂ ಲಾಭವಿಲ್ಲ, ಏಕೆಂದರೆ ಬಾಡಿಯೇ ಲೆಕ್ಕವಿಲ್ಲದ ಸ್ಪ್ರಿಂಗ್ ಆಗಿಬಿಡುತ್ತದೆ. ಆದ್ದರಿಂದ ರಬ್ಬರಿನ ಜಾಗಕ್ಕೆ ಗಟ್ಟಿ ಲೋಹದ ಬುಷ್ ಬರುತ್ತದೆ. ಮುಂದಿನ ಸಬ್‌ಫ್ರೇಮಿನಿಂದ ಹಿಂದಿನ ಉದ್ದತೊಲೆಗಳವರೆಗೆ ಎರಡು ಉಕ್ಕಿನ ಕೊಳವೆಗಳನ್ನು ವೆಲ್ಡ್ ಮಾಡುತ್ತಾರೆ. ಕಾರು ನಿಂತಾಗ ಯಾರ ಕಣ್ಣಿಗೂ ಬೀಳದ ಈ ಕೊಳವೆಗಳಿಲ್ಲದೆ ಪಟ್ಟಿಯ ಮುಂದಿನ ಯಾವ ಸಾಲೂ ನಿಲ್ಲದು.

“ಎಂಜಿನ್: ಎಲ್‌ಎಸ್3, 6.2 ಲೀಟರ್.”

2008ರ ಕಾರ್ವೆಟ್‌ನಲ್ಲಿ ಬಂದ ಎಂಜಿನ್ ಇದು, 430 ಎಚ್‌ಪಿ. ಬ್ಲಾಕ್ ಅಲ್ಯುಮಿನಿಯಂನದು, ಹಾಗಾಗಿ ಹಳೆಯ ಕಬ್ಬಿಣದ ವಿ8ಗಿಂತ ಹಗುರ. 1969ರ 200 ಎಚ್‌ಪಿ ಜೊತೆ ಇದನ್ನು ನೇರವಾಗಿ ಹೋಲಿಸುವಂತೆಯೂ ಇಲ್ಲ. ಆಗಿನ ಅಂಕಿ ಸೈಲೆನ್ಸರ್, ಆಲ್ಟರ್ನೇಟರ್ ಮುಂತಾದ ಭಾರಗಳಿಲ್ಲದೆ ಎಂಜಿನ್ನೊಂದನ್ನೇ ಸ್ಟ್ಯಾಂಡಿನ ಮೇಲೆ ಅಳೆದದ್ದು. ಕಾರಿನಲ್ಲಿ ಇರುವ ಹಾಗೆಯೇ ಅಳೆದು ಹೇಳುವ ಪದ್ಧತಿ ಅಮೆರಿಕದಲ್ಲಿ 1972ರ ಮಾಡೆಲ್‌ಗಳಿಂದ ನೆಲೆಯಾಯಿತು. ಹೀಗಾಗಿ ನಿಜವಾದ ಅಂತರ ಕಾಗದದ ಮೇಲಿನದಕ್ಕಿಂತ ದೊಡ್ಡದು.

ಹೊಸದಾದರೂ ಇದು ಅದೇ ವಂಶದ ಕುಡಿ. 1955ರ ಷೆವರ್ಲೆ ವಿ8ನಲ್ಲಿ ಒಂದು ಸಿಲಿಂಡರಿನ ನಡುವಿನಿಂದ ಪಕ್ಕದ ಸಿಲಿಂಡರಿನ ನಡುವಿಗೆ 4.4 ಅಂಗುಲ, ಎಲ್‌ಎಸ್‌ನಲ್ಲೂ ಅಷ್ಟೇ. ಕ್ಯಾಮ್ ಶಾಫ್ಟ್ ಈಗಲೂ ಬ್ಲಾಕಿನೊಳಗೇ ಇದ್ದು, ಪುಶ್‌ರಾಡ್‌ಗಳೇ ವಾಲ್ವ್ ತೆರೆಯುತ್ತವೆ. ತಲೆಯ ಮೇಲೆ ಕ್ಯಾಮ್‌ಗಳಿಲ್ಲದ ಕಾರಣ ಎಂಜಿನ್ ಗಿಡ್ಡ, ಹಳೆಯ ಬಾನೆಟ್ಟಿನ ಅಡಿ ಹಿಡಿಸುತ್ತದೆ. ಆಯಿಲ್ ಪ್ಯಾನ್ ಮಾತ್ರ ಕ್ಯಾಮರೋದ ಅಡ್ಡತೊಲೆಗೆ ತಾಗುತ್ತದೆ, ಬೇರೆಯದೇ ಹಾಕಬೇಕು.

“ಪೆಟ್ರೋಲ್: ಟ್ಯಾಂಕಿನೊಳಗೇ ಪಂಪು, 58 ಪಿಎಸ್‌ಐ.”

ಹಳೆಯ ಎಂಜಿನ್ನಿನ ಕಾರ್ಬುರೇಟರಿಗೆ ಏಳು ಪಿಎಸ್‌ಐ ಒಳಗಿನ ಒತ್ತಡವೇ ಸಾಕಿತ್ತು. ಹೊಸ ಎಂಜಿನ್ನಿನ ಇಂಜೆಕ್ಟರುಗಳಿಗೆ ಅದರ ಎಂಟು ಪಟ್ಟಿಗೂ ಹೆಚ್ಚು ಬೇಕು. ಹಾಗಾಗಿ ಟ್ಯಾಂಕು, ಪೈಪು ಎರಡೂ ಹೊಸವು. ತಿರುವಿನಲ್ಲಿ ಪೆಟ್ರೋಲು ಒಂದು ಬದಿಗೆ ಸರಿದು ಪಂಪು ಗಾಳಿ ಕುಡಿಯದಂತೆ ಟ್ಯಾಂಕಿನೊಳಗೆ ತಡೆಗೋಡೆ ಇರಲೇಬೇಕು.

“ಗೇರ್‌ಬಾಕ್ಸ್: ಟ್ರೆಮೆಕ್ ಟಿ56 ಮ್ಯಾಗ್ನಮ್, ಆರು ಗೇರು. ಹಿಂದೆ ಫೋರ್ಡ್ ಒಂಬತ್ತು ಅಂಗುಲ.”

ಹಳೆಯ ನಾಲ್ಕು ಗೇರಿನ ಪೆಟ್ಟಿಗೆಯಲ್ಲಿ ಟಾಪ್ ಗೇರು ಒಂದಕ್ಕೆ ಒಂದು. ಮ್ಯಾಗ್ನಮ್‌ನಲ್ಲಿ ಆರನೆಯದು, ಮಾದರಿಗೆ ತಕ್ಕಂತೆ, 0.63 ಅಥವಾ 0.50. ಅಂದರೆ 0.50 ಇದ್ದರೆ ಹೆದ್ದಾರಿಯಲ್ಲಿ ಎಂಜಿನ್ ಮೊದಲಿನ ಅರ್ಧದಷ್ಟು ಸುತ್ತುಗಳಲ್ಲೇ ಆರಾಮಾಗಿ ಓಡಬಲ್ಲದು. ಪೆಟ್ಟಿಗೆ ದೊಡ್ಡದು, ಅದಕ್ಕಾಗಿ ಕಾರಿನ ನಡುವಿನ ಸುರಂಗ ಕೊಯ್ದು ಎತ್ತರಿಸಬೇಕು. ಷೆವರ್ಲೆ ಕಾರಿಗೆ ಫೋರ್ಡ್ ಆಕ್ಸಲ್ ಏಕೆ ಎಂದು ಹೊಸಬರು ಕೇಳುತ್ತಾರೆ. 1957ರಿಂದ ಬಂದ ಆ ಆಕ್ಸಲ್ ಗಟ್ಟಿ. ಕ್ರೌನ್–ಪಿನಿಯನ್ ಒಟ್ಟಾಗಿ ಮುಂದಿನಿಂದ ಇಡಿಯಾಗಿ ಕಳಚಿ ಬರುತ್ತದೆ, ರಿಪೇರಿ ಸಲೀಸು. ಅಭಿಮಾನಕ್ಕಿಂತ ಇದೇ ಮೇಲು.

“ಮುಂದಿನ ಸಸ್ಪೆನ್ಷನ್: ಮೇಲಿನ ತೋಳಿನ ಜಾಗ ಕೆಳಗೆ.”

ಪಟ್ಟಿಯಲ್ಲಿ ಚಿಕ್ಕ ಸಾಲು, ನನಗೆ ಅತಿ ಪ್ರಿಯವಾದದ್ದು. ಮೂಲ ಕ್ಯಾಮರೋ ತಿರುವಿನಲ್ಲಿ ವಾಲಿದಾಗ ಹೊರಬದಿಯ ಚಕ್ರದ ತಲೆ ಹೊರಗೇ ಬಾಗುತ್ತದೆ. ಟೈರು ತನ್ನ ಹೊರ ಅಂಚಿನ ಮೇಲೆ ನಿಲ್ಲುತ್ತದೆ, ಹಿಡಿತ ಹೋಗುತ್ತದೆ. ರೇಸ್ ಚಾಲಕ ಡಿಕ್ ಗುಲ್ಡ್‌ಸ್ಟ್ರಾಂಡ್ ಹೆಸರಿನಲ್ಲಿ ಪ್ರಸಿದ್ಧವಾದ ಪರಿಹಾರ ಸರಳ: ಮೇಲಿನ ಕಂಟ್ರೋಲ್ ಆರ್ಮ್ ತಿರುಗುವ ಬಿಂದುವಿಗೆ ಹೊಸ ತೂತು ಕೊರೆದು ತುಸು ಕೆಳಗಿಳಿಸುವುದು. ಆಗ ಕಾರು ವಾಲಿದಷ್ಟೂ ಚಕ್ರದ ತಲೆ ಒಳಕ್ಕೆ ಬಾಗಿ, ಟೈರಿನ ಪೂರ್ತಿ ಅಗಲ ರಸ್ತೆಗೆ ಒತ್ತುತ್ತದೆ. ಖರ್ಚು ಡ್ರಿಲ್ ಬಿಟ್ಟಿನದು. ಕಾರಿನ ಸ್ವಭಾವವೇ ಬೇರೆ. ಇಂದು ಪೂರ್ತಿ ಹೊಸ ಸಬ್‌ಫ್ರೇಮುಗಳೇ ಸಿಗುತ್ತವೆ, ಆದರೂ ಅವುಗಳಲ್ಲಿ ಅಡಗಿರುವ ತಿಳಿವಳಿಕೆ ಇದೇ.

ಜನರಲ್ ಮೋಟರ್ಸ್ ಎಂಜಿನಿಯರ್ ಮಾರ್ಕ್ ಸ್ಟೀಲೋ ಒಂದಾದ ಮೇಲೊಂದು 1969ರ ಕ್ಯಾಮರೋಗಳನ್ನು ಕಟ್ಟಿ, ‘ಒನ್ ಲ್ಯಾಪ್ ಆಫ್ ಅಮೆರಿಕ’ದಲ್ಲಿ ಓಡಿಸಿ ತೋರಿಸಿದ್ದೂ ಇದನ್ನೇ. ಅಲ್ಲಿ ಒಂದು ರೇಸ್ ಟ್ರ್ಯಾಕಿನಿಂದ ಇನ್ನೊಂದಕ್ಕೆ ಅದೇ ಕಾರನ್ನು, ಅದೇ ಟೈರುಗಳ ಮೇಲೆ, ಸಾರ್ವಜನಿಕ ರಸ್ತೆಯಲ್ಲೇ ಓಡಿಸಿಕೊಂಡು ಹೋಗಬೇಕು. ನೇರ ರಸ್ತೆಯ ಕುದುರೆ ಎಂದೇ ಹೆಸರಾದ ಕಾರು ತಿರುವುಗಳಲ್ಲೂ ನಿಂತಿತು.

“ಬ್ರೇಕ್: 14 ಅಂಗುಲದ ಡಿಸ್ಕ್, ಆರು ಪಿಸ್ಟನ್.”

1969ರ ಸಾಮಾನ್ಯ ಕ್ಯಾಮರೋಗೆ ನಾಲ್ಕೂ ಕಡೆ ಡ್ರಮ್ಮು, 14 ಅಂಗುಲದ ಚಕ್ರ. ಈಗಿನ ಡಿಸ್ಕೊಂದೇ ಆ ಚಕ್ರದಷ್ಟಿದೆ. ಇದು ಅತಿಯಲ್ಲ. ವೇಗ ಎರಡು ಪಟ್ಟಾದರೆ ಬ್ರೇಕು ಶಾಖವಾಗಿ ಹೊರಹಾಕಬೇಕಾದ ಶಕ್ತಿ ನಾಲ್ಕು ಪಟ್ಟು. ಡಿಸ್ಕ್ ಹಿಡಿಸಲು 18 ಅಂಗುಲದ ಚಕ್ರ, ಹಿಂದೆ 335 ಮಿಲಿಮೀಟರ್ ಅಗಲದ ಟೈರು ಕೂರಿಸಲು ಒಳಗಿನ ಚಕ್ರಗೂಡು ಕೊಯ್ದು ಅಗಲಿಸುವ ಕೆಲಸ. ಹೊರಗಿನ ಮಡ್ಗಾರ್ಡ್ ಮುಟ್ಟದಿರಲಿ ಎಂಬುದು ನನ್ನ ಹಟ. 1969ರ ಬಾಡಿಯಲ್ಲಿ ಚಕ್ರಗಳ ಮೇಲೆ ಮೂಡಿರುವ ಆ ಗೆರೆಗಳಿಗಾಗಿಯೇ ತಾನೆ ಇಷ್ಟೆಲ್ಲ ಶ್ರಮ.

“ಬಣ್ಣ: ಕೊನೆಗೆ.”

ಇಡೀ ಕಾರನ್ನು ಬರಿ ತಗಡಿನಲ್ಲೇ ಒಮ್ಮೆ ಜೋಡಿಸಿ, ಸ್ಟಾರ್ಟ್ ಮಾಡಿ, ಓಡಿಸಬೇಕು. ಸೈಲೆನ್ಸರ್ ತಾಗುತ್ತದೆಯೇ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಉಜ್ಜುತ್ತದೆಯೇ, ಬಿಸಿಲಿನ ಟ್ರಾಫಿಕ್ಕಿನಲ್ಲಿ ರೇಡಿಯೇಟರು ತಡೆಯುತ್ತದೆಯೇ ಎಂದೆಲ್ಲ ಆಗಲೇ ತಿಳಿಯುವುದು. ಬೇಕಾದಲ್ಲಿ ಮತ್ತೆ ಕೊಯ್ದು ವೆಲ್ಡ್ ಮಾಡಿ, ಪೂರ್ತಿ ಬಿಚ್ಚಿದ ಮೇಲೆ ಬಾಡಿಯನ್ನು ಪೇಂಟ್ ಬೂತಿಗೆ ಕಳಿಸಬೇಕು.