ಮಾತಿಲ್ಲದ ಗಳಿಗೆ ನೋಡಿ: ಪೆಗ್ಗಿ ಆಶ್‌ಕ್ರಾಫ್ಟ್ ಅಭಿನಯಕ್ಕೊಂದು ಪ್ರವೇಶ

ಇಂಗ್ಲೆಂಡಿನ ರಂಗಭೂಮಿಯನ್ನು ಅರ್ಧ ಶತಮಾನ ಆಳಿದ ನಟಿ ಎಂದು ಕೇಳಿ ಹಿಂಜರಿಯಬೇಡಿ. ಪೆಗ್ಗಿ ಆಶ್‌ಕ್ರಾಫ್ಟ್ (1907–1991) ಅವರನ್ನು ಒಂದು ಚಿಕ್ಕ ಪಾತ್ರದಿಂದಲೇ ನೋಡಲು ಶುರುಮಾಡಿ.

ಹಿಚ್‌ಕಾಕ್‌ನ 1935ರ ‘ದಿ 39 ಸ್ಟೆಪ್ಸ್’ನಲ್ಲಿ ಅವರು ಸ್ಕಾಟ್ಲೆಂಡಿನ ಬಡ ರೈತನ ಎಳೆಯ ಹೆಂಡತಿ. ಗಂಡ ಊಟಕ್ಕೆ ಮೊದಲು ಪ್ರಾರ್ಥನೆ ಹೇಳುತ್ತಿದ್ದಾನೆ. ಪತ್ರಿಕೆಯಲ್ಲಿ ಕೊಲೆಯ ಸುದ್ದಿ. ಪೊಲೀಸರು ಹುಡುಕುತ್ತಿರುವವನು ಎದುರಿಗೆ ಕೂತ ಅತಿಥಿಯೇ ಎಂದು ಆಕೆಗೆ ಹೊಳೆಯುತ್ತದೆ. ಅವನು ಕಣ್ಣಲ್ಲೇ ಬೇಡಿಕೊಳ್ಳುತ್ತಾನೆ, ಆಕೆ ಕಣ್ಣಲ್ಲೇ ಉತ್ತರಿಸುತ್ತಾಳೆ. ಅದನ್ನು ಕಂಡ ಗಂಡ ಬೇರೇನೋ ಶಂಕಿಸುತ್ತಾನೆ. ಎರಡನೇ ಸಲ ಈ ದೃಶ್ಯವನ್ನು ಧ್ವನಿ ನಿಲ್ಲಿಸಿ ನೋಡಿ. ಕಥೆ ಒಂದಿಷ್ಟೂ ತಪ್ಪುವುದಿಲ್ಲ.

ಅದೇ ವರ್ಷ ಲಂಡನ್ನಿನ ರಂಗದ ಮೇಲೆ ಅವರು ಜೂಲಿಯೆಟ್. ನಟರಾದ ಗೀಲ್‌ಗುಡ್ ಮತ್ತು ಒಲಿವಿಯೆ ರೋಮಿಯೋ, ಮರ್ಕ್ಯೂಷಿಯೋ ಪಾತ್ರಗಳನ್ನು ಅದಲುಬದಲು ಮಾಡಿಕೊಂಡ ಪ್ರಯೋಗವದು. 1930ರಲ್ಲಿ ಪಾಲ್ ರಾಬ್ಸನ್‌ನ ಒಥೆಲೋಗೆ ಅವರು ಡೆಸ್ಡಿಮೋನಾ ಆಗಿದ್ದರು. ಇವನ್ನೆಲ್ಲ ನಾವು ಓದಿಯೇ ತಿಳಿಯಬೇಕು.

ನಮ್ಮ ಪುಣ್ಯಕ್ಕೆ ‘ದಿ ವಾರ್ಸ್ ಆಫ್ ದಿ ರೋಸಸ್’ ಉಳಿದಿದೆ. 1963ರಲ್ಲಿ ಸ್ಟ್ರಾಟ್‌ಫರ್ಡ್‌ನಲ್ಲಿ ಪೀಟರ್ ಹಾಲ್ ಆಡಿಸಿದ ಈ ಶೇಕ್ಸ್‌ಪಿಯರ್ ಚಕ್ರವನ್ನು ಬಿಬಿಸಿ ಚಿತ್ರೀಕರಿಸಿತು. ಐವತ್ತು ದಾಟಿದ ಆಶ್‌ಕ್ರಾಫ್ಟ್ ಇಲ್ಲಿ ರಾಣಿ ಮಾರ್ಗರೆಟ್: ತರುಣಿಯಾಗಿ ಬಂದು, ಎಲ್ಲವನ್ನೂ ಕಳೆದುಕೊಂಡು ಶಪಿಸುತ್ತ ಅಲೆಯುವ ಮುದುಕಿಯಾಗುತ್ತಾಳೆ. ಪೂರ್ತಿ ನೋಡುವ ವ್ಯವಧಾನವಿಲ್ಲವೇ? ಸೆರೆಸಿಕ್ಕ ವೈರಿ ಯಾರ್ಕ್‌ನ ತಲೆಗೆ ಕಾಗದದ ಕಿರೀಟವಿಟ್ಟು, ಅವನ ಮಗನ ರಕ್ತದಲ್ಲಿ ಅದ್ದಿದ ವಸ್ತ್ರವನ್ನು ಅವನಿಗೇ ಕೊಡುವ ಭಾಗವನ್ನಾದರೂ ನೋಡಿ. ಅಬ್ಬರಿಸಲು ಇದಕ್ಕಿಂತ ಹೆಚ್ಚಿನ ಅವಕಾಶ ಬೇಕೇ? ಆದರೆ ಯಾರ್ಕ್ ಮಾತಾಡುವಾಗ ಆಕೆ ಕೇಳಿಸಿಕೊಳ್ಳುವ ರೀತಿ ಗಮನಿಸಿ. ನನ್ನ ಮಟ್ಟಿಗೆ ಅವರ ಪ್ರತಿಭೆಯ ತಿರುಳು ಇರುವುದು ಈ ಕೇಳುವಿಕೆಯಲ್ಲಿ.

ಕೊನೆಗೆ ಡೇವಿಡ್ ಲೀನ್‌ರ ‘ಎ ಪ್ಯಾಸೇಜ್ ಟು ಇಂಡಿಯಾ’ (1984). ಇದರಲ್ಲಿ ಅವರು ಮಿಸೆಸ್ ಮೂರ್. ಮಸೀದಿಯಲ್ಲಿ ಡಾಕ್ಟರ್ ಅಜೀಜ್ ಗದರಿಸಿದಾಗ ಮಿಸೆಸ್ ಮೂರ್ ತೋರುವ ಸಮಾಧಾನ, ಗುಹೆಯ ಪ್ರತಿಧ್ವನಿ ಕೇಳಿ ಹೊರಬಂದ ಮೇಲೆ ಅದೇ ಮುಖಕ್ಕೆ ಕವಿಯುವ ದಣಿವು, ಇವೆರಡನ್ನೂ ಒಟ್ಟಿಗಿಟ್ಟು ನೋಡಿ. ಈ ಪಾತ್ರಕ್ಕೆ ಆಸ್ಕರ್ ಬಂದಾಗ ಅವರಿಗೆ 77 ವರ್ಷ. ಆ ಗುಹೆಯಿರುವ, ಕಥೆಯ ಮಾರಾಬಾರ್ ಬೆಟ್ಟಗಳಾಗಿ ಕಾಣಿಸುವುದು ನಮ್ಮ ಸಾವನದುರ್ಗ, ರಾಮದೇವರಬೆಟ್ಟಗಳೇ. ಬಂಡೆ ಗುರುತಿಸುವ ಆಟ ಎರಡನೇ ಸಲಕ್ಕಿರಲಿ. ಮೊದಲ ಸಲ ಮಿಸೆಸ್ ಮೂರ್ ಮೇಲಿಂದ ಕಣ್ಣು ತೆಗೆಯಬೇಡಿ.