ಬಿಸಿಲನ್ನೂ ಅಳೆದು ಕೊಳ್ಳುವ ಕವಚ

ವಿಶಾಖಪಟ್ಟಣದಿಂದ ಅರಕು ಕಡೆಗೆ ಹೊರಟರೆ ಶೃಂಗವರಪುಕೋಟ ದಾಟಿದ ಮೇಲೆ ಘಾಟಿ ಶುರು. ಏಪ್ರಿಲ್‌ನ ಒಂದು ಬೆಳಿಗ್ಗೆ ಆ ಘಾಟಿಯ ಬುಡದಲ್ಲಿ, ಚಹಾ ಅಂಗಡಿಯ ಮುಂದೆ, ನಾಲ್ಕು ಡರ್ಟ್ ಬೈಕುಗಳು ನಿಂತಿದ್ದವು. ಮೊಣಕಾಲಿಗೆ ಇರಬೇಕಾದ ಗಾರ್ಡುಗಳನ್ನು ಹಿಂದಿನ ಬ್ಯಾಗಿಗೆ ಬಿಗಿದಿದ್ದರು. ಎದೆಯ ಕವಚವೊಂದು ಹ್ಯಾಂಡಲಿಗೆ ನೇತುಬಿದ್ದಿತ್ತು. ಎಲ್ಲವೂ ಒಳ್ಳೆಯ ಮಾಲು, ಎಲ್ಲವೂ ಬೆಂಗಳೂರಿನಲ್ಲಿ ಕೊಂಡದ್ದು. “ಸೆಕೆ ತಡೆಯಕ್ಕಾಗಲ್ಲ ಸಾರ್. ನಿಧಾನಕ್ಕೇ ಹೋಗ್ತೀವಿ ಬಿಡಿ” ಅಂದ ಅವರಲ್ಲೊಬ್ಬ.

ಸೆಕೆಯ ಮಾತು ನಿಜ. ನಿಧಾನದ ಮಾತನ್ನು ಮಾತ್ರ ನಾನು ಒಪ್ಪಲಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿಯನ್ನು 36ನೆಯವರಾಗಿ ಮುಗಿಸಿದರು; ಅದನ್ನು ಪೂರ್ತಿ ಮಾಡಿದ ಮೊದಲ ಭಾರತೀಯ ಅವರು. ಅಂಥವರೂ 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ದಾರಿಯಲ್ಲಿ ಬಿದ್ದು ತಲೆಗೆ ತೀವ್ರ ಪೆಟ್ಟು ಮಾಡಿಕೊಂಡರು. ಮಣ್ಣಿನ ದಾರಿಯಲ್ಲಿ ಬೀಳುವುದು ಸವಾರಿಯದೇ ಒಂದು ಭಾಗ. ನಿಧಾನವಾಗಿ ಹೋಗುವವನೂ ಕಲ್ಲಿನ ಮೇಲೆ ಕಾಲೂರಿ ಮೊಣಕಾಲು ತಿರುಚಿಕೊಳ್ಳುತ್ತಾನೆ.

ತಪ್ಪಾಗುವುದು ಅಂಗಡಿಯಲ್ಲೇ. ಬೆಂಗಳೂರಿನ ತಂಪಿನಲ್ಲಿ ನಿಂತು ಆರಿಸುವಾಗ ನಾವು ಪೆಟ್ಟನ್ನು ಲೆಕ್ಕ ಹಾಕುತ್ತೇವೆ, ಬಿಸಿಲನ್ನು ಮರೆಯುತ್ತೇವೆ. ಕರಾವಳಿ ಆಂಧ್ರಕ್ಕೆ ಗಾಡಿ ಒಯ್ಯುವವರು ಎರಡನ್ನೂ ಒಟ್ಟಿಗೇ ತೂಗಬೇಕು. ಅಲ್ಲಿಯ ಬಿಸಿಲಿನಲ್ಲೂ ಎರಡು ಜಾತಿ.

ವಿಶಾಖಪಟ್ಟಣದ್ದು ಕಡಲ ಸೆಕೆ. ಬೆವರು ಆರುವುದೇ ಇಲ್ಲ. ಅಲ್ಲಿ ಬೇಕಾದದ್ದು ಜಾಲರಿಯಂಥ ತೆಳು ಜೆರ್ಸಿ; ಅದರೊಳಗೆ ಮೈಗೆ ಅಂಟಿ ಕೂರುವ, ತೂತುತೂತಾದ ಆರ್ಮರ್. ದಪ್ಪ ಜಾಕೆಟಿಗೆ ನಾಲ್ಕು ಜಿಪ್ ಕಿಂಡಿ ಇದ್ದರೂ ಪ್ರಯೋಜನ ಕಡಿಮೆ. ಕಾಡುದಾರಿಯ ವೇಗಕ್ಕೆ ಆ ಕಿಂಡಿಗಳಲ್ಲಿ ಗಾಳಿ ನುಗ್ಗುವುದಿಲ್ಲ. ಅಲ್ಲಿಂದ ಸುಮಾರು 350 ಕಿಲೋಮೀಟರ್ ದೂರದ ವಿಜಯವಾಡದ್ದು ಒಣ ಬೇಗೆ. ಮೇ ತಿಂಗಳ ಮಧ್ಯಾಹ್ನ ಪಶ್ಚಿಮದ ಬಿಸಿಗಾಳಿ ಬೀಸತೊಡಗಿದರೆ ಗಾಳಿಯೇ ಮೈಗಿಂತ ಬಿಸಿ. ಆಗ ಬರಿಯ ಜಾಲರಿ ತೊಟ್ಟರೆ ಒಲೆಯ ಮುಂದೆ ಕೂತ ಹಾಗೆ. ಒಳಗೆ ನೀರಿನಲ್ಲಿ ನೆನೆಸಿ ಹಿಂಡಿದ ತೆಳು ಬನಿಯನ್, ಮೇಲೆ ತುಸು ಮುಚ್ಚಿಕೊಂಡ ಜೆರ್ಸಿ: ಇದು ಅಲ್ಲಿಯ ಉಪಾಯ. ನೀರು ಮೆಲ್ಲಗೆ ಆರುವಷ್ಟು ಹೊತ್ತು ಮೈ ತಂಪಾಗಿರುತ್ತದೆ.

ಈಗ ಪ್ಯಾಡ್ ಹೊರಗೆ ತೆಗೆದು ತಿರುಗಿಸಿ ನೋಡಿ. ಭುಜ, ಮೊಣಕೈ, ಮೊಣಕಾಲಿನ ಪ್ಯಾಡುಗಳ ಮೇಲೆ ಇಎನ್ 1621-1 ಎಂಬ ಯುರೋಪಿನ ಮಾನದಂಡದ ಗುರುತು ಇರಬೇಕು. 50 ಜೂಲ್ ಶಕ್ತಿಯ ಪೆಟ್ಟು ಕೊಟ್ಟಾಗ ಪ್ಯಾಡ್ ದಾಟಿ ಬರುವ ಬಲ ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಲೆವೆಲ್ 1. 20 ಮೀರದಿದ್ದರೆ ಲೆವೆಲ್ 2. ಇಷ್ಟನ್ನು ಅಂಗಡಿಯವರೂ ಹೇಳುತ್ತಾರೆ. ಅವರು ಹೇಳದೆ ಬಿಡುವ ಇನ್ನೊಂದು ಚಿಕ್ಕ ಗುರುತಿದೆ: ‘ಟಿ’ ಅಕ್ಷರದ ಪಕ್ಕ ಒಂದು ಕೂಡುವ ಚಿಹ್ನೆ. 40 ಡಿಗ್ರಿ ಬಿಸಿಯಲ್ಲೂ ಆ ಪ್ಯಾಡ್ ಪರೀಕ್ಷೆ ಗೆದ್ದಿದೆ ಎಂದು ಅದರ ಅರ್ಥ. ಇಂದಿನ ಮೆತ್ತನೆಯ ಪ್ಯಾಡುಗಳು ಪೆಟ್ಟು ಬಿದ್ದ ಕ್ಷಣದಲ್ಲಿ ಗಟ್ಟಿಯಾಗುವ ಜಾತಿಯವು. ಬಿಸಿ ಏರಿದಂತೆ ಅವು ಇನ್ನಷ್ಟು ಮೆತ್ತಗಾಗುತ್ತವೆ. ಯುರೋಪಿನಲ್ಲಿ ಈ ಪರೀಕ್ಷೆ ಐಚ್ಛಿಕ. ವಿಜಯವಾಡದ ಬೇಸಿಗೆಗೆ ಕೊಳ್ಳುವವರು ಇದನ್ನು ಕಡ್ಡಾಯವೆಂದೇ ತಿಳಿಯಲಿ.

ಎದೆಯ ಕವಚದಲ್ಲೂ ಇಂಥದೇ ಸೂಕ್ಷ್ಮವಿದೆ. ಇಎನ್ 14021 ಎಂದಿದ್ದರೆ ಮುಂದಿನ ಗಾಡಿ ಚಿಮ್ಮಿಸುವ ಕಲ್ಲನ್ನು ತಡೆಯಲು ಮಾಡಿದ್ದು ಅಷ್ಟೇ. ಹ್ಯಾಂಡಲ್ ಬಂದು ಎದೆಗೆ ಗುದ್ದಿದರೆ ಕಾಯಬೇಕಾದದ್ದು ಇಎನ್ 1621-3; ಬೆನ್ನಿಗೆ 1621-2. ಕಲ್ಲು ತಡೆಯುವುದೂ ಗುದ್ದು ತಡೆಯುವುದೂ ನೋಡಲು ಒಂದೇ ತರಹದ ಪ್ಲಾಸ್ಟಿಕ್ ಚಿಪ್ಪು. ಅಂಕಿ ಓದದೆ ದುಡ್ಡು ಕೊಡಬೇಡಿ.

ಬೂಟನ್ನು ಮಣ್ಣು ನೋಡಿ ಆರಿಸಬೇಕು. ಅರಕು ಸುತ್ತಿನ ಪೂರ್ವಘಟ್ಟದಲ್ಲಿ ಖೊಂಡಲೈಟ್ ಎಂಬ ಬಂಡೆ ಶಿಥಿಲವಾಗಿ ಉದುರಿದ ಕಲ್ಲುಗಳಿವೆ, ಮಳೆ ಬಿದ್ದರೆ ಜಾರುವ ಕೆಮ್ಮಣ್ಣಿದೆ. ಇಳಿದು ಗಾಡಿ ತಳ್ಳುವ ಪ್ರಸಂಗ ಬಂದೇ ಬರುತ್ತದೆ. ಮೋಟೋಕ್ರಾಸ್ ಬೂಟಿನ ನುಣುಪು ಅಟ್ಟೆ ಅಲ್ಲಿ ಕೈಕೊಡುತ್ತದೆ. ಹಲ್ಲುಹಲ್ಲಾದ ಅಟ್ಟೆಯ ಎಂಡ್ಯೂರೋ ಬೂಟೇ ಬೇಕು. ಕೃಷ್ಣೆಯ ಬಯಲಿನ ಎರೆಮಣ್ಣಿನ ದಾರಿಗಳಲ್ಲಿ ಕಾಟ ಬೇರೆ: ಹಿಟ್ಟಿನಂಥ ಧೂಳು. ಬೂಟಿನ ಬಾಯಿ ಮೀನಖಂಡಕ್ಕೆ ಬಿಗಿಯಾಗಿ ಕೂರುತ್ತದೆಯೇ ನೋಡಿ. ಎರಡೂ ಕಡೆಗೆ ಒಂದು ಮಾತು ಸಮಾನ: ಕಣಕಾಲು ಪಕ್ಕಕ್ಕೆ ಹೊರಳಲು ಬಿಡುವ ಬೂಟು ಬೇಡ. ಅಂದಹಾಗೆ, ಭೀಮುನಿಪಟ್ಟಣದ ಹತ್ತಿರದ ಎರ್ರಮಟ್ಟಿ ದಿಬ್ಬಲುವಿನ ಕೆಂಪು ಮರಳಗುಡ್ಡ ಕಂಡರೆ ಚಕ್ರ ಇಳಿಸುವ ಆಸೆ ಹುಟ್ಟುತ್ತದೆ. ಅದು ಉಳಿಸಿಕೊಳ್ಳಬೇಕಾದ ಭೂವೈಜ್ಞಾನಿಕ ಪರಂಪರೆಯ ತಾಣ. ನಡೆದೇ ನೋಡಿ ಬನ್ನಿ.

ಹೆಲ್ಮೆಟಿಗೆ ಐಎಸ್‌ಐ ಗುರುತು 2021ರ ಜೂನ್ 1ರಿಂದ ಕಡ್ಡಾಯ. ಆಫ್‌ರೋಡ್ ಹೆಲ್ಮೆಟಿನ ಮುಂಚಾಚಿದ ಗಲ್ಲಪಟ್ಟಿ ಉಸಿರಿಗೆ ಜಾಗ ಕೊಡುತ್ತದೆ, ಮೇಲಿನ ಚಾಚು ಬಿಸಿಲನ್ನು ತಡೆಯುತ್ತದೆ. ಅದೇ ಚಾಚು ಹೆದ್ದಾರಿಯ ವೇಗದಲ್ಲಿ ಗಾಳಿ ಹಿಡಿದು ಕುತ್ತಿಗೆ ಎಳೆಯುತ್ತದೆ. ಬಿಚ್ಚಿಡಲು ಬರುವಂಥದ್ದನ್ನೇ ಕೊಳ್ಳಿ. ಗಾಗಲ್ಸಿಗೆ ಕಪ್ಪು, ತಿಳಿ ಎಂದು ಎರಡು ಗಾಜು ಇಟ್ಟುಕೊಳ್ಳಿ. ಅರಕಿನ ಕಾಫಿ ಬೆಳೆಯುವುದು ನೆರಳಿನಲ್ಲಿ. ಬಯಲಿನ ಬಿಸಿಲಿಂದ ತೋಟದ ಕತ್ತಲಿಗೆ ಕಪ್ಪು ಗಾಜಿನಲ್ಲೇ ನುಗ್ಗಿದರೆ ಎದುರಿನ ಬೇರೂ ಕಾಣುವುದಿಲ್ಲ.

ಕೊನೆಯದಾಗಿ ಒಂದು ಪರೀಕ್ಷೆ. ಕೊಳ್ಳುವಾಗಲೇ ಅಂಗಡಿಯವರನ್ನು ಕೇಳಿ, ಬದಲಾಯಿಸಿಕೊಳ್ಳಲು ಒಪ್ಪಿಸಿಕೊಳ್ಳಿ. ಮನೆಗೆ ತಂದು, ನಡುಮಧ್ಯಾಹ್ನ, ಫ್ಯಾನ್ ಆರಿಸಿ, ಎಲ್ಲವನ್ನೂ ತೊಟ್ಟು ಅರ್ಧ ಗಂಟೆ ಇರಿ. ಮೊಣಕಾಲು ಮಡಿಸಿ ನಿಲ್ಲಿ, ಕೂರಿ, ಏಳಿ. ಎಲ್ಲಿ ಉಜ್ಜುತ್ತದೆ, ಯಾವುದು ಜಾರುತ್ತದೆ, ಯಾವುದನ್ನು ಕಿತ್ತೆಸೆಯಬೇಕೆನಿಸುತ್ತದೆ, ಗಮನಿಸಿ. ಘಾಟಿಯ ಬುಡದಲ್ಲಿ ಬ್ಯಾಗಿಗೆ ಕಟ್ಟಿಸಿಕೊಳ್ಳುವುದು ಅದೇ. ಅದನ್ನು ಮಾರನೆಯ ದಿನವೇ ಅಂಗಡಿಗೆ ಒಯ್ದು ಬದಲಾಯಿಸಿ ತನ್ನಿ.